ಕಾಯಿ ಕೊಯ್ದವರು

ಮೊನ್ನೆ ಸಾವಳಗಿಗೆ ಒಬ್ಬ ಹಿರಿಯರ ಮಣ್ಣಿಗೆ ಹೋಗಿ ಬಂದೆ. ಎಲ್ಲ ಮುಗಿದು ಕೈಕಾಲು ತೊಳೆಯುವ ಹೊತ್ತಿಗೆ ಬನಹಟ್ಟಿಯಿಂದ ಬಂದಿದ್ದ ಒಂದಿಬ್ಬರು ಕಾರ್ಖಾನೆಯವರು, "ಛಲೋ ಮನಶ್ಯಾ ಇದ್ದರಿ, ಇಂಥಾವ್ರು ಇನ್ನ ಹುಟ್ಟಂಗಿಲ್ಲ" ಎಂದು ತಲೆ ಅಲ್ಲಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಆ ಹಿರಿಯರು ಬದುಕಿದ್ದಾಗ ಅವರಿಗೆ ಗೇಟು ತೆರೆಯದವರು ಇವರೇ. ಮಣ್ಣಿನ ಮುಂದೆ ನಿಂತು ಜಗಳ ತೆಗೆಯುವುದು ಸರಿಯಲ್ಲವೆಂದು ಬಾಯಿ ಕಚ್ಚಿಕೊಂಡು ಬಂದೆ. ಆ ಜಗಳವನ್ನು ಈಗ ಇಲ್ಲಿ ಆಡುತ್ತಿದ್ದೇನೆ ಅಂದುಕೊಳ್ಳಿ.

ಹೆಸರು ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಸಿಗುವುದಿಲ್ಲ. ಬಣ್ಣದ ಮನೆಗಳಲ್ಲಿ ಅವರನ್ನು ಮೊದಲು 'ವಾಲ್ ಕಾಕಾ' ಎನ್ನುತ್ತಿದ್ದರು, ಆಮೇಲೆ ಬೇರೆ ಹೆಸರು ಬಂತು. ಅದನ್ನು ಮುಂದೆ ಹೇಳುತ್ತೇನೆ.

ನಾನು ಬನಹಟ್ಟಿಯ ಒಂದು ಬಣ್ಣದ ಮನೆಯಲ್ಲಿ ಮೇಸ್ತ್ರಿ. ಸೀರೆಯ ನೂಲಿಗೆ ಬಣ್ಣ ಹಾಕುವುದು ನನ್ನ ಕೆಲಸ. ಬಣ್ಣ ಕುದಿಯಲು ಉಗಿ ಬೇಕು, ಉಗಿಗೆ ಬಾಯ್ಲರು ಬೇಕು, ಬಾಯ್ಲರು ಇದ್ದಲ್ಲಿ ಇವರು ಬೇಕು. ಬಾಯ್ಲರಿನ ನೆತ್ತಿಯ ಮೇಲಿರುವ ಸೇಫ್ಟಿ ವಾಲ್ವನ್ನು ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಿ, ಸರಿಯಾದ ಒತ್ತಡಕ್ಕೆ ಏಳುವಂತೆ ಹದ ಮಾಡಿ ಕೊಡುವವರು ಅವರು. ರಬಕವಿಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿದ್ದರು. ಹೆಂಡತಿ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಸಾವಳಗಿಗೆ ಕೊಟ್ಟಿದ್ದರು. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಒಂದು ಬಣ್ಣದ ಮನೆಯಿಂದ ಇನ್ನೊಂದಕ್ಕೆ ಹೋಗುವುದು, ದೂರದ ಕೆಲಸವಿದ್ದರೆ ತೇರದಾಳಕ್ಕೋ ಮುಧೋಳಕ್ಕೋ ಬಸ್ಸು ಹಿಡಿಯುವುದು, ಇಷ್ಟೇ ಅವರ ಸಂಸಾರ.

ನಮ್ಮ ಹುಡುಗರು ಆ ವಾಲ್ವನ್ನು 'ಸೀಟಿ' ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದರೆ ಕಾಕಾ ಕೆರಳುತ್ತಿದ್ದರು.

"ಸೀಟಿ ಅಲ್ಲೋ ಮಂಗ್ಯಾನಂಥಾವ್ನ! ನಿಮ್ಮವ್ವನ ಕುಕ್ಕರಿನ್ಯಾಗ ಸೀಟಿ ಬ್ಯಾರೆ, ಮುಚ್ಚಳದ ಮ್ಯಾಲ ಬಾಜೂಕ ಒಂದು ಸಣ್ಣ ಗುಂಡಿ ಇರತೈತಲ್ಲ, ಅದು ಬ್ಯಾರೆ. ಸೀಟಿ ಬ್ಯಾಳಿ ಬೆಂದೈತಿ ಅಂತ ಹೇಳತೈತಿ. ಗುಂಡಿ ನಿಮ್ಮವ್ವನ ಜೀವಾ ಉಳಸತೈತಿ. ನಾ ಗುಂಡಿ ಕಡಿಯಾವ."

ವಿನಯ ಎನ್ನುವುದು ಅವರ ಹತ್ತಿರವೂ ಸುಳಿದಿರಲಿಲ್ಲ. ತಮ್ಮ ಕೆಲಸದ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದರು, ಮಾತು ಮಾತಿಗೆ ಸಿಡುಕುತ್ತಿದ್ದರು, ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಲೋಟವನ್ನು ಹಾಗೇ ಹಿಂದಕ್ಕೆ ತಳ್ಳುತ್ತಿದ್ದರು. ವಾಲ್ವು ಹಾರಿಸಿ ನೋಡುವ ದಿನವಂತೂ ಅವರದೇ ರಾಜ್ಯ. ಎಲ್ಲರನ್ನೂ ಅಂಗಳಕ್ಕೆ ಅಟ್ಟಿ, ಚಪ್ಪಲಿ ಬಿಟ್ಟು, ಬಾಯ್ಲರಿಗೆ ಕೈಮುಗಿದು, ಆಮೇಲೆ ಅದನ್ನೇ ಬಾಯಿಗೆ ಬಂದಂತೆ ಬೈಯುತ್ತ ಉರಿ ಹಾಕಿಸುತ್ತಿದ್ದರು. ವಾಲ್ವು ಗರ್ಜಿಸಿ ಎದ್ದ ಕೂಡಲೇ ಮುಖದಲ್ಲಿ ಒಂದು ನಗು. ಉಗಿಯೆಲ್ಲ ಹೋಗಿ ಅದು ಮತ್ತೆ ತಣ್ಣಗೆ ಕುಳಿತುಕೊಳ್ಳುವವರೆಗೆ ಆ ನಗು ಹಾಗೇ ಇರುತ್ತಿತ್ತು. ಅಷ್ಟು ದೊಡ್ಡ ಮನುಷ್ಯ ಆಗ ಸಣ್ಣ ಹುಡುಗನ ಹಾಗೆ ಕಾಣುತ್ತಿದ್ದರು.

ನಮ್ಮದು ಹಳೆಯ ಮಾದರಿ. ತೂತಿಗೊಂದು ಮುಚ್ಚಳ, ಮುಚ್ಚಳವನ್ನು ಅದುಮಿ ಹಿಡಿಯುವ ಉದ್ದನೆಯ ಕಬ್ಬಿಣದ ಸಲಾಕೆ, ಸಲಾಕೆಗೆ ಜೋತುಬಿದ್ದ ಒಂದು ಗುಂಡು. ಗುಂಡನ್ನು ತುದಿಯ ಕಡೆ ಸರಿಸಿದಷ್ಟೂ ಮುಚ್ಚಳದ ಮೇಲೆ ಭಾರ ಹೆಚ್ಚು. ಕಾಕಾ ಅದು ನಿಲ್ಲಬೇಕಾದ ಜಾಗಕ್ಕೆ ಅರದಿಂದ ಗೀರು ಹಾಕಿ ಮೊಳೆ ಕೂರಿಸುತ್ತಿದ್ದರು. ಮುಚ್ಚಳ ಸವೆದು ಉಗಿ ಸೋರತೊಡಗಿದರೆ ಮಾಲೀಕರೆಲ್ಲ ಒಂದೇ ರಾಗ ಹಾಡುತ್ತಿದ್ದರು: ಸ್ವಲ್ಪ ಬಿಗಿ ಮಾಡಿ ಬಿಡ್ರಿ. ಅದಕ್ಕೆ ಕಾಕಾನ ಉತ್ತರವೂ ಒಂದೇ.

"ಸೋರೂದಕ್ಕ ಬಿಗಿ ಔಷಧ ಅಲ್ರಿ, ಉಜ್ಜೂದು ಔಷಧ. ಮೂಗು ಸೋರಾಕತ್ತಿದ್ರ ಮೂಗು ಹೊಲಿಸ್ತೀರೇನು?"

ಹೀಗೆಂದು ನೆಲದ ಮೇಲೆ ಕುಳಿತು, ಮುಚ್ಚಳಕ್ಕೆ ಪುಡಿ ಹಚ್ಚಿ, ಗಂಟೆಗಟ್ಟಲೆ ತಿರುಗಿಸಿ ತಿರುಗಿಸಿ ಉಜ್ಜುತ್ತಿದ್ದರು. ಅಷ್ಟು ಹೊತ್ತು ಕೆಲಸ ನಿಂತಿತಲ್ಲ ಎಂದು ಮಾಲೀಕರು ಒಳಗೊಳಗೇ ಕುದಿಯುತ್ತಿದ್ದರು. ಮೂಗಿಗಿಂತ ಮೂಗುತಿ ಭಾರ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು.

ದಸರೆ ಬಂತೆಂದರೆ ಕಾಕಾನಿಗೆ ನಿದ್ದೆ ಇಲ್ಲ. ಖಂಡೇಪೂಜೆಗೆ ನಮ್ಮಲ್ಲಿ ಬಾಯ್ಲರನ್ನು ತೊಳೆದು, ಬಣ್ಣ ಬಳಿದು, ಮೈತುಂಬ ವಿಭೂತಿ ಕುಂಕುಮ ಹಚ್ಚುತ್ತೇವೆ. ಭಕ್ತಿ ಹೆಚ್ಚಾದಲ್ಲಿ ಕೈ ನಿಲ್ಲುವುದಿಲ್ಲ. ವಾಲ್ವಿಗೂ ಬಳಿಯುತ್ತೇವೆ. ಬಣ್ಣ ಒಣಗಿ ಅಂಟಿದರೆ ಮುಚ್ಚಳ ಏಳುವುದಿಲ್ಲ. ಅದಕ್ಕೆ ಕಾಕಾ ಹಬ್ಬದ ಹಿಂದಿನ ದಿನ ಮನೆಮನೆಗೆ ಹೋಗಿ, "ಎಲ್ಲಾ ಕಡೆ ಹಚ್ರಿ, ಇದೊಂದನ್ನ ಬಿಡ್ರಿ" ಎಂದು ಕೈಮುಗಿಯುತ್ತಿದ್ದರು. ಹಬ್ಬ ಮುಗಿದ ಮೇಲೆ ಮತ್ತೆ ಬಂದು, ಬೇಡವೆಂದರೂ ಹಚ್ಚಿದ ಅರಿಶಿನವನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆಯುತ್ತಿದ್ದರು.

"ಕಾಕಾ, ದೇವರ ಪ್ರಸಾದ ಕೆರದು ಒಗೀತೀರಲ್ಲ, ಪಾಪ ಹತ್ತಂಗಿಲ್ಲೇನ್ರಿ?" ಎಂದು ನಾನು ಕೆಣಕುತ್ತಿದ್ದೆ.

"ನಾ ಬೀರಪ್ಪನ ಒಕ್ಕಲರಿ ಮೇಸ್ತ್ರಿ. ನನ್ನ ಪಾಪದ ಚಿಂತಿ ಅಂವ ಮಾಡತಾನ, ನೀವು ನಿಮ್ಮ ಬಣ್ಣ ನೋಡ್ರಿ" ಎನ್ನುತ್ತಿದ್ದರು. ಹಣೆಯ ಮೇಲೆ ಬೀರಪ್ಪನ ಭಂಡಾರದ ಅರಿಶಿನ ಇಲ್ಲದೆ ಅವರನ್ನು ನಾನು ನೋಡಿದ್ದೇ ಇಲ್ಲ. ಇದನ್ನು ಹೇಳಲೇಬೇಕು. ಏಕೆಂದರೆ ಮುಂದೆ ಅವರನ್ನು ದೇವರಿಲ್ಲದವ ಎಂದವರೂ ಇದ್ದರು.

ಈಗ ಆ ದಿನದ ಮಾತು.

ನಮ್ಮ ಸಾವ್ಕಾರರು ಇನ್ನೂ ಹರೆಯದವರು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹೆಂಡತಿ ಬಸುರಿಯಾಗಿದ್ದರು. ದಿನ ತುಂಬುವ ಮೊದಲೇ ಏನೋ ತೊಡಕಾಗಿ ಬಾಗಲಕೋಟೆಯ ಆಸ್ಪತ್ರೆಗೆ ಸೇರಿಸಿದ್ದರು. ಸಾವ್ಕಾರರು ಅಲ್ಲೇ ಇದ್ದರು. ಮನೆಯಲ್ಲಿ ಅವರ ತಾಯಿ ಒಬ್ಬರೇ. ನಾವೆಲ್ಲ ಅವರನ್ನು ಅವ್ವಾರು ಎನ್ನುತ್ತೇವೆ. ಮನೆ, ಬಣ್ಣದ ಮನೆ ಎಲ್ಲ ಒಂದೇ ಅಂಗಳದಲ್ಲಿ. ಅವ್ವಾರಿಗೆ ಆ ಬಾಯ್ಲರು ಎಂದರೆ ಮನೆದೇವರಿಗೆ ಸಮ, ಅದನ್ನು 'ತಾಯಿ' ಎಂದೇ ಕರೆಯುತ್ತಿದ್ದರು. ಅದು ಬಂದ ಮೇಲೆಯೇ ಮನೆ ಉದ್ಧಾರವಾದದ್ದು ಎಂದು ಶುಕ್ರವಾರ ಶುಕ್ರವಾರ ಅದಕ್ಕೆ ಊದಿನಕಡ್ಡಿ ಬೆಳಗುತ್ತಿದ್ದರು.

ಸೊಸೆಯನ್ನು ಕರೆದುಕೊಂಡು ಹೋದ ಮರುದಿನ ಅವ್ವಾರು ಹರಕೆಯ ಕಾಯಿ ಕಟ್ಟಿದರು. ಹಸಿರು ಖಣದ ಬಟ್ಟೆಯಲ್ಲಿ ತೆಂಗಿನಕಾಯಿ, ಅಕ್ಕಿ, ಅರಿಶಿನದ ಕೊಂಬು, ಅಡಿಕೆ ಎಲ್ಲ ಇಟ್ಟು, ಸೊಸೆಗೆ ಉಡಿ ತುಂಬಿದಂತೆಯೇ ತುಂಬಿ, ಗಂಟು ಹಾಕಿ, ಬಾಯ್ಲರಿಗೆ ಕಟ್ಟಿಸಿದರು. ಬಾಯ್ಲರಿನ ಮೈ ಗುಂಡಗೆ, ಕಟ್ಟಲು ಜಾಗವಿಲ್ಲ. ತೋಳಿನ ಹಾಗೆ ಚಾಚಿಕೊಂಡಿದ್ದು ವಾಲ್ವಿನ ಸಲಾಕೆ ಒಂದೇ. ಅದರ ತುದಿಗೆ ಕಟ್ಟಿದರು.

ಆ ವಾಲ್ವು ಕೆಲವು ದಿನಗಳಿಂದ ಸಣ್ಣಗೆ ಸೋರುತ್ತಿತ್ತು. ಕಾಯಿ ಕಟ್ಟಿದ ಗಳಿಗೆಗೆ ಸೋರುವುದು ನಿಂತಿತು. ಅವ್ವಾರು ಅಲ್ಲೇ ಸೆರಗೊಡ್ಡಿ ಅತ್ತುಬಿಟ್ಟರು. ತಾಯಿ ಒಪ್ಪಿಕೊಂಡಳು, ಹೂವು ಕೊಟ್ಟಳು ಎಂದು ಅಂಗಳವೆಲ್ಲ ಮಾತಾಯಿತು. ಗೋಡೆಯಾಚೆಯ ಖೋಲಿಯಲ್ಲಿ ನೂಲಿನ ಕಂಡಿಕೆ ಸುತ್ತುವ ಹೆಣ್ಣುಮಕ್ಕಳು ಬಂದು ಕೈಮುಗಿದು ಹೋದರು. ಬಣ್ಣವೂ ಬೇಗ ಕುದಿಯತೊಡಗಿತು. ಎಲ್ಲರೂ ನಂಬಿದರು. ನಮ್ಮ ನಂಬಿಕೆಗೆ ಸಾಕ್ಷಿ ಕಣ್ಣೆದುರಿಗೇ ಇತ್ತಲ್ಲ.

ಕಾಕಾ ತಮ್ಮ ಸರದಿಗೆ ಬಂದದ್ದು ಅದಾದ ಮೇಲೆ, ಒಂದು ಮುಂಜಾನೆ. ಒಳಗೆ ಕಾಲಿಟ್ಟವರೇ ತಲೆಯೆತ್ತಿ ನೋಡಿದರು. ಮುಖ ಬೂದಿಯಾಯಿತು.

"ಇದನ್ನ ಯಾರು ಕಟ್ಯಾರ?"

ಉರಿ ಹಾಕುವವನು ಸಡಗರದಿಂದ ಹೇಳಿದ: "ಅವ್ವಾರು ಕಟ್ಯಾರ್ರಿ ಕಾಕಾ, ಸೊಸಿ ಹೆಸರೀಲೆ. ಕಟ್ಟಿದಾಗಿಂದ ಒಂದ್ ಸ್ವಲ್ಪನೂ ಸೋರಿಲ್ಲ. ತಾಯಿ ಕಣ್ಣು ತೆರದಾಳ ನೋಡ್ರಿ."

"ಕಣ್ಣು ತೆರದಿಲ್ಲೋ! ಅಕಿ ಬಾಯಿ ಮುಚ್ಚೀರಿ ನೀವು! ಮುಳ್ಳು ಎಲ್ಲಿಗೆ ಹೋಗೇತಿ ನೋಡು. ಉರಿ ಎಳಿ. ಮೊದಲ ಒಲಿಯಾಗಿನ ಕಟ್ಟಿಗಿ ಹೊರಗ ಎಳಿ."

ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆಯನ್ನು ದಾಟಿ ನಿಂತಿತ್ತು. ಉರಿ ಹಾಕುವವನು ಅವ್ವಾರ ಅಪ್ಪಣೆ ಇಲ್ಲದೆ ಉರಿ ಎಳೆಯುವುದಿಲ್ಲ ಎಂದ. ಆಗಷ್ಟೇ ಒಲೆ ತುಂಬ ಜಾಲಿ ಕಟ್ಟಿಗೆ ತುರುಕಿದ್ದ. ನಾನು ಬಣ್ಣದ ತೊಟ್ಟಿಗಳಿಗೆ ಹೋಗುವ ಉಗಿಯ ಚಾವಿಗಳನ್ನೆಲ್ಲ ತೆರೆದೆ. ಮುಳ್ಳು ಇಳಿಯಲಿಲ್ಲ.

ಕಾಕಾ ಅಂಗಳಕ್ಕೆ ಓಡಿದರು. ಅವ್ವಾರು ಕಟ್ಟೆಯ ಮೇಲೆ ಜಪಮಾಲೆ ಹಿಡಿದು ಕುಳಿತಿದ್ದರು.

"ಯವ್ವಾ, ಹರಕಿ ಅಂದ್ರ ಏನು ಅನ್ನೂದು ನನಗೂ ಗೊತ್ತೈತಿ. ಬಿಚ್ಚಿ ಒಗೀರಿ ಅನ್ನಾಕತ್ತಿಲ್ಲ. ಜಾಗಾ ಬದಲ ಮಾಡ್ರಿ ಅಷ್ಟ. ಬಾಗಲಿಗೆ ಕಟ್ರಿ, ದೇವರ ಜಗಲಿಗೆ ಕಟ್ರಿ."

"ಕಟ್ಟಿದ ಗಂಟು ಹೆರಿಗಿ ಆಗೂತನಕ ಬಿಚ್ಚಬಾರದಪಾ."

"ಹಂಗಾರ ನನ್ನ ಕೊಳ್ಳಾಗ ಕಟ್ರಿ. ಹೆರಿಗಿ ಆಗೂತನಕ ಇದ ಅಂಗಳದಾಗ ನಿಂತಿರತೇನಿ. ಕುಂದರೂದಿಲ್ಲ, ಮಲಗೂದಿಲ್ಲ. ನಿಮ್ಮ ಕಾಲು ಹಿಡ್ಕೋತೇನಿ ಯವ್ವಾ."

ಹಿಡಿದೇಬಿಟ್ಟರು. ಯಾರಿಗೂ ತಲೆ ಬಾಗದ ಮನುಷ್ಯ ನೆಲಕ್ಕೆ ಬಿದ್ದು ಆ ಮುದುಕಿಯ ಕಾಲು ಹಿಡಿದಿದ್ದರು. ಅವ್ವಾರು ಕಾಲು ಹಿಂದಕ್ಕೆಳೆದುಕೊಂಡರು. ಅವರ ಕಣ್ಣಲ್ಲೂ ನೀರಿತ್ತು.

"ಅಕಿ ಅಲ್ಲಿ ಜೀವಾ ಕೈಯಾಗ ಹಿಡ್ಕೊಂಡು ಮಲಗ್ಯಾಳ. ನಾ ಇಲ್ಲಿ ಕಾಯಿ ಬಿಚ್ಚಲೇನು? ನಿನ್ನ ಮಗಳಾಗಿದ್ರ ಬಿಚ್ಚತಿದ್ದೇನು?"

ಕಾಕಾ ಗೋಡೆಯ ಕಡೆ ಕೈ ತೋರಿಸಿದರು: "ಗ್ವಾಡಿ ಆಚಿ ಕಡೆ ಕಂಡಿಕಿ ಸುತ್ತಾಕತ್ತಾವ್ರೂ ಯಾರದರ ಮಕ್ಕಳ ಅದಾರ್ರಿ ಯವ್ವಾ."

ಅವ್ವಾರು ಕಣ್ಣು ಮುಚ್ಚಿ ಜಪಮಾಲೆ ಎಣಿಸತೊಡಗಿದರು. ನಾನು ಸಾವ್ಕಾರರಿಗೆ ಫೋನು ಹಚ್ಚಿದೆ. ಅವರು ಅಳುತ್ತಿದ್ದರು. "ಮೇಸ್ತ್ರಿ, ಇಲ್ಲಿ ನನ್ನ ಹೆಂಡ್ತಿ ಕೈ ಬಿಟ್ಟು ಹೋಗಾಕತ್ತಾಳ. ನೀವು ವಾಲ್ ವಾಲ್ ಅನ್ನಾಕತ್ತೀರಿ. ಅವ್ವ ಹೇಳಿದಂಗ ಕೇಳ್ರಿ" ಎಂದು ಇಟ್ಟುಬಿಟ್ಟರು.

ಕಾಕಾ ಕಂಡಿಕೆಯ ಖೋಲಿಗೆ ಹೋಗಿ, "ಎದ್ದು ಹೊರಗ ಹೋಗ್ರೆವ್ವಾ" ಎಂದು ಕೂಗಿದರು. ಹೆಣ್ಣುಮಕ್ಕಳು ಮುಖ ಮುಖ ನೋಡಿಕೊಂಡರು. ಒಬ್ಬಳು ನಕ್ಕಳು. ಕಾಕಾನ ಕೂಗಾಟ ಅವರಿಗೆ ಹೊಸದಲ್ಲ. ಯಾರೂ ಏಳಲಿಲ್ಲ.

ಆಗ ಅವರು ನೂಲಿನ ಲಡಿಯ ದಾರ ಕೊಯ್ಯುವ ಚೂರಿಯನ್ನು ನನ್ನ ಮುಂದಿನಿಂದ ಎತ್ತಿಕೊಂಡರು. ಏಣಿ ಹತ್ತಿದರು. ಹತ್ತುವ ಮೊದಲು ಚಪ್ಪಲಿ ಬಿಟ್ಟರು. ಒಂದು ಕೈಯಿಂದ ಗಂಟನ್ನು ತಬ್ಬಿಕೊಂಡು ಇನ್ನೊಂದು ಕೈಯಿಂದ ಖಣವನ್ನು ಕೊಯ್ದರು. ಭಾರ ಹೋದದ್ದೇ ತಡ ವಾಲ್ವು ಎದ್ದು ಅಬ್ಬರಿಸಿತು. ಇಡೀ ಬಣ್ಣದ ಮನೆ ಉಗಿಯಲ್ಲಿ ಮುಳುಗಿತು. ಹೆಣ್ಣುಮಕ್ಕಳು ಚೀರುತ್ತ ಈಗ ಓಡಿದರು. ಉಗಿಯೊಳಗಿಂದ ಕಾಕಾ ಇಳಿದು ಬಂದಾಗ ಎಡಗೈ ಮೊಣಕೈವರೆಗೆ ಬೆಂದು ಚರ್ಮ ಸುಲಿದಿತ್ತು. ಆ ಕೈಯಲ್ಲೇ ಕಾಯಿ ಇತ್ತು. ನೆಲಕ್ಕೆ ತಾಗಗೊಡದೆ, ಎದೆಗೊತ್ತಿ ಹಿಡಿದುಕೊಂಡು ಹೋಗಿ ದೇವರ ಜಗಲಿಯ ಮೇಲಿಟ್ಟರು. ಒಂದು ಕಾಳು ಅಕ್ಕಿ ಚೆಲ್ಲಿರಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯಿಂದ ಸುದ್ದಿ ಬಂತು. ತಾಯಿ, ಕೂಸು ಎರಡೂ ಉಳಿಯಲಿಲ್ಲ.

ಅವ್ವಾರು ಕೂಗಾಡಲಿಲ್ಲ. ಕಾಕಾ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಅಂಗಳದ ಮೂಲೆಯಲ್ಲಿ ಕುಳಿತಿದ್ದರು. ಅವ್ವಾರು ಅವರ ಮುಂದೆ ಬಂದು ನಿಂತು, "ನನ್ನ ಸೊಸಿ ಉಡಿ ಕೊಯ್ದಿ ನೀ" ಎಂದು ಇಷ್ಟೇ ಹೇಳಿ ಒಳಗೆ ಹೋದರು. ಆ ಮುದುಕಿಯನ್ನು ಬೈಯಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಕಾಯಿ ಕೊಯ್ಯುವ ಮೊದಲೇ ಉಸಿರು ನಿಂತಿತ್ತು ಎಂದು ಕೆಲವರು, ಕೊಯ್ದ ಮೇಲೆ ಎಂದು ಕೆಲವರು. ನನಗೆ ಗೊತ್ತಿಲ್ಲ. ಕಾಕಾ ಆ ಲೆಕ್ಕಕ್ಕೇ ಹೋಗಲಿಲ್ಲ.

ಬಾಯ್ಲರು ಸಿಡಿಯಲಿಲ್ಲವಲ್ಲ, ಅದೇ ಅವರಿಗೆ ಮುಳುವಾಯಿತು. ಸಿಡಿದಿದ್ದರೆ ಗೋಡೆ ಬಿದ್ದದ್ದು ಕಾಣುತ್ತಿತ್ತು, ಹೆಣ ಕಾಣುತ್ತಿತ್ತು. ಸಿಡಿಯದೆ ಇದ್ದದ್ದನ್ನು ಯಾರಿಗೆ ತೋರಿಸುವುದು? ಊರಿಗೆ ಕಂಡದ್ದು ಕೊಯ್ದ ಖಣ, ಎರಡು ಸಾವು. ನಾನು ಹೇಳಿದೆ, ಜಗಳಾಡಿದೆ, ಮುಳ್ಳು ಎಲ್ಲಿತ್ತು ಅನ್ನುವುದನ್ನು ಬೆರಳಿಟ್ಟು ತೋರಿಸಿದೆ. "ಇಷ್ಟ ದಿನಾ ಕಟ್ಟಿತ್ತಲ್ಲ, ಏನರ ಆತೇನ? ಇನ್ನೆರಡ ತಾಸು ತಡದಿದ್ರ ಏನಾಕ್ಕಿತ್ತು?" ಎಂದರು. ಇದಕ್ಕೆ ಉತ್ತರ ದೇವರ ಹತ್ತಿರ ಇದ್ದೀತು. ಬನಹಟ್ಟಿ ರಬಕವಿಯಲ್ಲಿ ಅವರಿಗೆ ಹೊಸ ಹೆಸರು ಬಂತು: ಕಾಯಿ ಕೊಯ್ದಾವ. ಅಪಶಕುನದ ಕೈಯನ್ನು ಬಾಯ್ಲರಿನ ಮೇಲೆ ಯಾರು ಇಡಿಸಿಕೊಳ್ಳುತ್ತಾರೆ? ಒಂದೊಂದೇ ಗೇಟು ಮುಚ್ಚಿತು.

ಖೋಲಿ ಬಿಟ್ಟು ಸಾವಳಗಿಗೆ ಮಗಳ ಮನೆಗೆ ಹೋದರು. ಅಲ್ಲಿಂದ ಜಮಖಂಡಿಗೆ ಬಂದು ಬಜಾರಿನಲ್ಲಿ ಕುಕ್ಕರ್ ರಿಪೇರಿಗೆ ಕುಳಿತರು. ಒಮ್ಮೆ ನಾನು ಹೋದಾಗ ಒಬ್ಬ ಹೆಣ್ಣುಮಗಳು ಕುಕ್ಕರ್ ಚಾಚಿ, "ಮುತ್ಯಾ, ಸೋರಾಕತ್ತೈತಿ, ಬಿಗಿ ಮಾಡಿ ಕೊಡ್ರಿ" ಎಂದಳು. ಮೊದಲಿನ ಕಾಕಾ ಆಗಿದ್ದರೆ ಆಕೆಗೆ ಗ್ರಹಚಾರ ಬಿಡಿಸುತ್ತಿದ್ದರು. ಈಗ ಸುಮ್ಮನೆ ರಬ್ಬರಿನ ಬಳೆ ಬದಲಿಸಿ ಕೊಟ್ಟರು. "ಎಲ್ಲಾರಿಗೂ ಬಿಗಿನ ಬೇಕ್ರಿ ಮೇಸ್ತ್ರಿ" ಎಂದರು. ಆ ತಣ್ಣನೆಯ ದನಿ ಕೇಳಿ ನನಗೆ ಹೆದರಿಕೆಯಾಯಿತು.

ಆದರೆ ಜೀವ ಮಾತ್ರ ಬಣ್ಣದ ಮನೆಗಳಲ್ಲೇ ಇತ್ತು. ದಸರೆಯ ಮುಂದೆ ಬಸ್ಸು ಹತ್ತಿ ಬಂದು ಗೇಟಿನ ಹೊರಗೆ ನಿಲ್ಲುತ್ತಿದ್ದರು. "ಪಗಾರ ಬ್ಯಾಡ, ಚಾ ಬ್ಯಾಡ. ಮುಟ್ಟೂದೂ ಇಲ್ಲ. ದೂರ ನಿಂತು ನೋಡತೇನಿ ಅಷ್ಟ" ಎಂದು ಬೇಡುತ್ತಿದ್ದರು. ಒಳಗೆ ಬಿಡುತ್ತಿರಲಿಲ್ಲ. ರಸ್ತೆಯಲ್ಲೇ ನಿಂತು ಕಿವಿಗೊಟ್ಟು ಕೇಳುತ್ತಿದ್ದರು. ಎಲ್ಲಿಯೂ ವಾಲ್ವು ಹಾರುತ್ತಿರಲಿಲ್ಲ. ಅವರ ಜಾಗಕ್ಕೆ ಬಂದವನು ಮಾಲೀಕರ ಮನಸ್ಸು ತಿಳಿದವ. ಉಜ್ಜುವ ತಂಟೆಗೆ ಹೋಗದೆ ಗುಂಡನ್ನು ಗೀರಿನಿಂದ ಆಚೆಗೆ ಸರಿಸಿ ಕೊಟ್ಟು ಹೋಗುತ್ತಿದ್ದ. ನಾನು ನಮ್ಮ ಸಾವ್ಕಾರರಿಗೆ ಹೇಳಿದರೆ, "ನಿಮ್ಮದು ಬಣ್ಣ ಐತಿ, ಬಣ್ಣ ನೋಡ್ಕೋರಿ" ಎಂಬ ಉತ್ತರ. ಕಾಕಾ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಕ್ಷೇಮ ಸಮಾಚಾರ ಏನಿಲ್ಲ. "ಹಾರಿತೇನ್ರಿ?" "ಇಲ್ರಿ ಕಾಕಾ." ಅಷ್ಟು ಕೇಳಿ ಇಟ್ಟುಬಿಡುತ್ತಿದ್ದರು.

ಮಲಗಿದ್ದಾರೆ, ಅನ್ನ ಬಿಟ್ಟಿದ್ದಾರೆ ಎಂದು ಮಗಳು ಹೇಳಿಕಳಿಸಿದಾಗ ಹೋದೆ. ಪಡಸಾಲೆಯಲ್ಲಿ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನ ದನಿ ಕೇಳಿ ಹೊರಳಿದರು. ಮಗಳನ್ನು ನೀರು ತರಲು ಕಳಿಸಿ, ನನ್ನ ಕೈ ಹಿಡಿದುಕೊಂಡರು.

"ಮೇಸ್ತ್ರಿ, ನಾ ಒಂದು ಕೆಟ್ಟ ಹರಕಿ ಬೇಡ್ಕೊಂಡೇನ್ರಿ."

"ಏನ್ ಹರಕಿ ಕಾಕಾ?"

"ಒಂದ್ ಬಾಯ್ಲರ್ ಸಿಡೀಲಿ ಅಂತ. ಬೀರಪ್ಪನ ಮುಂದ ಕುಂತು ಬೇಡ್ಕೊಂಡೆ. ಸಿಡದ್ರರ ನಂಬತಾರಲ್ಲ. ಮೊದಲ, ಸೂಟಿ ದಿನಾ ಸಿಡೀಲಿ, ಯಾರೂ ಇರಬಾರದು, ಬರೇ ಗ್ವಾಡಿ ಬೀಳಲಿ ಅಂದೆ. ಕೇಳಲಿಲ್ಲ ಅಂವ." ಉಸಿರು ಎಳೆದುಕೊಂಡರು. "ಆಮ್ಯಾಲ ಒಂದಿನ, ಯಾರಿಗರ ಹತ್ತಿದ್ರೂ ಹತ್ತಲಿ ಅಂದ್ಬಿಟ್ಟೆ."

ಜೀವಮಾನವಿಡೀ ಪರರ ಜೀವ ಕಾಯ್ದ ಮನುಷ್ಯನ ಬಾಯಿಂದ ಇದನ್ನು ಆಡಿಸಿದವರು ನಾವು.

"ಬೇಡ್ಕೊಂಡಿದ್ದು ವಾಪಸ್ ಹೆಂಗ ತೊಗೋಬೇಕ್ರಿ? ದಿನಾ ಬ್ಯಾಡಪಾ ಬ್ಯಾಡಪಾ ಅನ್ನಾಕತ್ತೇನಿ. ಅಂವಗ ಯಾವ ಮಾತು ಕೇಳಸೇತಿ ಅನ್ನೂದು ಗೊತ್ತಾಗವಲ್ದು."

"ಏನೂ ಆಗಂಗಿಲ್ರಿ ಕಾಕಾ. ಸಿಟ್ಟಿನ್ಯಾಗ ಅಂದಿದ್ದು ದೇವರು ಹಿಡಿಯಂಗಿಲ್ಲ."

ಅವರು ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ಬೆಂದು ಸುಕ್ಕಾದ ಆ ಎಡಗೈಯನ್ನೂ ಸೇರಿಸಿ ಎರಡೂ ಕೈಗಳಿಂದ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು.

"ನಾಳಿಗೆ ನೀವು ಕೆಲಸಕ್ಕ ಹೋಗಬ್ಯಾಡ್ರಿ. ನಾಡದಾನೂ ಹೋಗಬ್ಯಾಡ್ರಿ. ಆ ಹೆಣ್ಣಮಕ್ಕಳಿಗೂ ಹೇಳ್ರಿ."

ಆಗಲಿ ಎಂದೆ. ಆಗಲಿ ಎನ್ನದೆ ಕೈ ಬಿಡುವಂತಿರಲಿಲ್ಲ.

ಮರುದಿನ ಕೆಲಸಕ್ಕೆ ಹೋದೆ. ಹೆಣ್ಣುಮಕ್ಕಳೂ ಬಂದಿದ್ದರು. ಗುಂಡು ಗೀರಿನಿಂದ ಆಚೆಯೇ ಇದೆ. ಇವತ್ತೂ ಹೋಗಿ ಬಂದೆ.